ಸಾಯದ ಕರಿಕೆಗೆ ದಿವಸದ ಊಟ

ಎಂಬತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಒಂದು ಎಕರೆ ಕಪ್ಪು ಎರೆಹೊಲದ ಕರಿಕೆ ಹುಲ್ಲು ಅಗೆಸಲು ನಾನೂರ ಐವತ್ತು ರೂಪಾಯಿ. ನಾಲ್ಕು ಎಕರೆಗೆ ಹದಿನೆಂಟು ನೂರು. ಅದರ ಮೇಲೆ ಅಗೆಯುವ ಗುಂಪಿಗೆ ಅರ್ಧ ಚೀಲ ಜೋಳ, ಅದು ತೊಂಬತ್ತು. ಕೆಲಸ ಮುಗಿದ ದಿನ ಹುಗ್ಗಿ ಊಟ. ಗೋದಿ, ಬೆಲ್ಲ, ತುಪ್ಪ ಸೇರಿ ಅರವತ್ತು. ಒಟ್ಟು ಹತ್ತೊಂಬತ್ತು ನೂರ ಐವತ್ತು. ಹುನಗುಂದದ ಅಂಗಡಿಯಲ್ಲಿ ಹೊಸದಾಗಿ ಬಂದಿದ್ದ ಕಸ ಸಾಯಿಸುವ ಎಣ್ಣೆಯ ಒಂದು ಲೀಟರಿನ ಡಬ್ಬಿಗೆ ಇನ್ನೂರು. ಆರು ಡಬ್ಬಿಗೆ ಹನ್ನೆರಡು ನೂರು. ಪಂಪಿನ ಬಾಡಿಗೆ ಹತ್ತು, ಹೊಡೆಯುವ ಇಬ್ಬರಿಗೆ ಎರಡು ದಿನದ ಕೂಲಿ ನಲವತ್ತು. ಒಟ್ಟು ಹನ್ನೆರಡು ನೂರ ಐವತ್ತು. ಉಳಿತಾಯ ಏಳು ನೂರು.

ಅಂದಾನಪ್ಪ ಈ ಲೆಕ್ಕವನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆದು ಹೆಂಡತಿ ಗುರುಲಿಂಗವ್ವನಿಗೆ ಎರಡು ಸಲ ಓದಿ ಹೇಳಿದ. ಆಕೆ ಹಾಲು ಕಾಸುತ್ತಲೇ ಕೇಳಿಸಿಕೊಂಡು, ಎಣ್ಣೆಯ ಸುದ್ದಿ ಕೇಳಲೆಂದು ಹುನಗುಂದಕ್ಕೆ ನಾಲ್ಕು ಸಲ ಹೋಗಿ ಬಂದ ಬಸ್ ಚಾರ್ಜು ಎಲ್ಲಿ ಬರೆದಿದ್ದೀರಿ ಎಂದು ಕೇಳಿದಳು. ಅಂದಾನಪ್ಪ ಕ್ಯಾಲೆಂಡರನ್ನು ಮತ್ತೆ ಗೋಡೆಗೆ ತೂಗುಹಾಕಿದ.

ಅವರ ಊರು ಕಮತಗಿಯಿಂದ ಮೂರು ಮೈಲು. ಹಳ್ಳದ ದಂಡೆಗೆ ನಾಲ್ಕು ಎಕರೆ ಎರೆಭೂಮಿ. ಅಂದಾನಪ್ಪನ ಅಣ್ಣತಮ್ಮಂದಿರು ಪಾಲಾಗುವಾಗ ಐದು ವರ್ಷ ಜಗಳಾಡಿದ್ದರಿಂದ ಅಷ್ಟೂ ವರ್ಷ ಅದು ಬೀಳುಬಿದ್ದಿತ್ತು. ಮನುಷ್ಯರು ಜಗಳಾಡುತ್ತಿರುವಾಗ ಕರಿಕೆ ಸುಮ್ಮನೆ ಕೂಡುವುದಿಲ್ಲ. ಮೇಲಿನ ಭಾಗವನ್ನೆಲ್ಲ ಅದು ಹಾಸಿಕೊಂಡಿತು. ಹಳ್ಳದ ಕಡೆಯ ತಗ್ಗಿನಲ್ಲಿ, ಮಣ್ಣೊಳಗೆ ಗುಲಗಂಜಿಯಂಥ ಗಡ್ಡೆ ಕಟ್ಟುವ ಜೇಕು ಮೊದಲಿನಿಂದಲೂ ಇತ್ತು, ಅದೂ ದಟ್ಟವಾಯಿತು. ಎಮ್ಮೆ ಕರಿಕೆ ತಿನ್ನುವುದಿಲ್ಲವೆಂದಲ್ಲ. ಆದರೆ ನೆಲಕ್ಕೆ ಅಂಟಿದ ಹುಲ್ಲು ಎಮ್ಮೆಯ ನಾಲಿಗೆಗೆ ಸಿಗುವುದು ಎಷ್ಟು? ಕೊಯ್ದು ಬೇಸಿಗೆಗೆ ಕೂಡಿಡಲಂತೂ ಬಾರದು. ಜೇಕನ್ನು ಎಮ್ಮೆ ಮೂಸಿ ಮುಂದೆ ಹೋಗುತ್ತದೆ. ಇವೆರಡನ್ನೂ ತೆಗೆದು, ಸೊಂಟದೆತ್ತರ ಬೆಳೆಯುವ ಒಳ್ಳೆಯ ಮೇವಿನ ಹುಲ್ಲು ಬಿತ್ತಿ, ನಾಲ್ಕು ಎಕರೆಯನ್ನೂ ಹುಲ್ಲುಗಾವಲು ಮಾಡಬೇಕೆಂಬುದು ಅಂದಾನಪ್ಪನ ಆಸೆ. ಧಾರವಾಡದ ಕಡೆಯಿಂದ ಬೀಜ ತರಿಸಿ ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟಾಗಿತ್ತು.

ಆ ಸೀಮೆಯಲ್ಲಿ ಕರಿಕೆ ಅಗೆಯುವವನೆಂದರೆ ಗಾಳೆಪ್ಪ. ಅವನ ಗುಂಪಿನಲ್ಲಿ ಹನ್ನೆರಡು ಜನ, ಹನ್ನೆರಡು ಹಾರೆ. ವೈಶಾಖದ ಬಿಸಿಲಿನಲ್ಲಿ ಎರೆಭೂಮಿ ಬಿರಿದು ಕಲ್ಲಾದಾಗ ಅವರು ಸಾಲಾಗಿ ನಿಂತು, ಹನ್ನೆರಡೂ ಹಾರೆಗಳನ್ನು ಒಂದೇ ಉಸಿರಿಗೆ ಇಳಿಸಿ, ಒಂದೇ ಉಸಿರಿಗೆ ಮೀಟುತ್ತಿದ್ದರು. ಎಮ್ಮೆ ಮಲಗಿದಷ್ಟು ದೊಡ್ಡ ಹೆಂಟೆ ಹೊರಳುತ್ತಿತ್ತು. ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತಿತ್ತು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಗಾಳೆಪ್ಪ ಹೊಲದ ಒಡೆಯರ ಮನೆಗೆ ಬಂದು ವೀಳ್ಯ ತೆಗೆದುಕೊಳ್ಳುವುದು ಪದ್ಧತಿ. ಎಲೆ ಅಡಿಕೆ ಹಿಡಿದು ಅವನು ಒಂದು ಮಾತು ಕೊಡುತ್ತಿದ್ದ: ಮೊದಲ ಮಳೆಗೆ ಒಂದು ಕರಿಕೆಯ ಕುಡಿ ಕಂಡರೂ ಪುಕ್ಕಟೆ ಬಂದು ಅಗೆದು ಹೋಗುತ್ತೇನೆ. ಜೇಕು ಮಾತ್ರ ಆ ಮಾತಿನೊಳಗೆ ಬರುವುದಿಲ್ಲ ಎಂದೂ ಸೇರಿಸುತ್ತಿದ್ದ, ಸ್ವಲ್ಪ ಮೆಲ್ಲಗೆ.

ಆ ವರ್ಷವೂ ಬಂದ. ಅಂದಾನಪ್ಪ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹ ಕುಡಿಸಿದ. ಚಹ ಬಂದಾಗಲೇ ಗಾಳೆಪ್ಪನಿಗೆ ಗೊತ್ತಾಯಿತು. ವೀಳ್ಯ ಕೊಡುವವರು ಮೊದಲು ಚಹ ಕೊಡುವುದಿಲ್ಲ. ಎಣ್ಣೆಯ ಸುದ್ದಿಯನ್ನು ಪೂರ್ತಿ ಕೇಳಿ, ಬಸಿಯನ್ನು ಕೆಳಗಿಟ್ಟು, ಒಳ್ಳೆಯದಾಗಲಿ ಎಂದು ಎದ್ದುಹೋದ. ಸುತ್ತಲಿನ ಊರುಗಳಲ್ಲಿ ಅಷ್ಟು ದೊಡ್ಡ ಕರಿಕೆಯ ಹೊಲ ಇನ್ನೊಂದಿರಲಿಲ್ಲ. ಇದೊಂದರಿಂದ ಹನ್ನೆರಡು ಮನೆಗಳಿಗೆ ಬೇಸಿಗೆ ದಾಟುತ್ತಿತ್ತು.

ಎಣ್ಣೆ ಮಾರುವ ಮುರ್ತುಜಸಾಬ ಪ್ರಾಮಾಣಿಕ ಮನುಷ್ಯ. ಹುಲ್ಲು ಹಸಿರಾಗಿ ಬೆಳೆಯುತ್ತಿರುವಾಗ ಎಲೆ ತೊಯ್ಯುವಂತೆ ಹೊಡೆಯಬೇಕು, ತಿಳಿನೀರಿನಲ್ಲೇ ಕಲಸಬೇಕು, ಆಮೇಲೆ ಇಪ್ಪತ್ತು ದಿನ ಹೊಲಕ್ಕೆ ದನ ಬಿಡಬಾರದು, ನೇಗಿಲು ಹೂಡಬಾರದು ಎಂದು ಮೂರು ಸಲ ಹೇಳಿದ. ಮೂರಕ್ಕೂ ಅಂದಾನಪ್ಪ ತಲೆಯಾಡಿಸಿದ. ಬಸ್ಸಿನಲ್ಲಿ ಕೂತಮೇಲೆ ಮಾತ್ರ ಅವನಿಗೆ ನಗು ಬಂತು. ಕರಿಕೆ ಸಾಯುವುದು ವೈಶಾಖದ ಬಿಸಿಲಿಗೆ ಎಂಬುದನ್ನು ಅವನ ಅಜ್ಜ ಬಲ್ಲ, ಅಪ್ಪ ಬಲ್ಲ, ಊರಿನ ಎತ್ತುಗಳೂ ಬಲ್ಲವು. ಅಂಗಡಿಯಲ್ಲಿ ಕೂತು ಗೊಬ್ಬರ ತೂಗುವ ಮುರ್ತುಜಸಾಬನಿಗೆ ಕರಿಕೆಯ ವಿಷಯ ಏನು ಗೊತ್ತು? ಬಿಸಿಲೂ ಎಣ್ಣೆಯೂ ಕೂಡಿಬಿಟ್ಟರೆ ಕರಿಕೆಗೆ ಓಡಿಹೋಗಲು ದಾರಿಯೇ ಇಲ್ಲ.

ವೈಶಾಖದ ನಡುವೆ, ಹುಲ್ಲು ಒಣಗಿ ಹಳದಿಯಾಗಿ ಕಾಲಡಿಯಲ್ಲಿ ಚರಚರ ಎನ್ನುವಾಗ, ಅಂದಾನಪ್ಪ ನಾಲ್ಕು ಡಬ್ಬಿ ಎಣ್ಣೆ ಹೊಡೆಸಿದ. ಎಂಟನೆಯ ದಿನ ಹೋಗಿ ನೋಡಿದರೆ ಹಸಿರೆಂಬುದು ಎಲ್ಲೂ ಇಲ್ಲ. ಹೊಡೆಯುವ ಮೊದಲೂ ಇರಲಿಲ್ಲ ಎಂದು ಗುರುಲಿಂಗವ್ವ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಇನ್ನೆರಡು ಡಬ್ಬಿ ಉಳಿದವೆಂಬ ಸಂತೋಷ ಬೇರೆ. ಆ ಸಂತೋಷದಲ್ಲಿ ಅಮೀನಗಡದ ಸಂತೆಗೆ ಹೋಗಿ, ಮನೆಯಲ್ಲಿದ್ದ ಎರಡು ಎಮ್ಮೆಗಳ ಜೊತೆಗೆ ಮೂರನೆಯದನ್ನು ಹೊಡೆದುಕೊಂಡು ಬಂದ. ಎಳೆಯ ಎಮ್ಮೆ, ಕೋಡು ಹಿಂದಕ್ಕೆ ಚೆಲುವಾಗಿ ಬಾಗಿದ್ದವು, ಮೊದಲ ಸೂಲು ಹತ್ತಿರವಿತ್ತು. ಆ ಖರ್ಚು ಲೆಕ್ಕದಲ್ಲಿ ಇರಲಿಲ್ಲ. ಆದರೂ ಎಮ್ಮೆ ಬಂದ ಸಂಜೆಯೇ ಗುರುಲಿಂಗವ್ವ ಅದರ ಹಣೆಗೆ ವಿಭೂತಿ ಹಚ್ಚಿ, ಗಂಗಿ ಎಂದು ಹೆಸರಿಟ್ಟಳು.

ಕರಿಕೆ ತೆಗೆದ ಮೇಲೆ ಹುಗ್ಗಿ ಊಟ ಹಾಕಿಸದಿದ್ದರೆ ಹೊಲ ಮುನಿಸಿಕೊಳ್ಳುತ್ತದೆ ಎಂಬ ಮಾತಿದೆ. ಅಗೆದವರು ಯಾರೂ ಇಲ್ಲದಿದ್ದರೂ ಅಂದಾನಪ್ಪ ಊಟ ಹಾಕಿಸಿದ. ದೊಡ್ಡ ಮನಸ್ಸಿನವನು, ಗಾಳೆಪ್ಪನ ಗುಂಪನ್ನೂ ಕರೆದ. ಹನ್ನೊಂದು ಜನ ಬರಲಿಲ್ಲ. ಗಾಳೆಪ್ಪ ಒಬ್ಬನೇ ಬಂದ. ಗುರುಲಿಂಗವ್ವ ಅವನಿಗೆ ತಾನೇ ಬಡಿಸಿದಳು, ಹುಗ್ಗಿಯ ಮೇಲೆ ಒಂದು ಮಿಳ್ಳೆ ತುಪ್ಪ ಹೆಚ್ಚಾಗಿಯೇ ಸುರಿದಳು. ಉಂಡು ಕೈ ತೊಳೆದು ಗಾಳೆಪ್ಪ ಹೊಲದೊಳಗೆ ನಾಲ್ಕು ಹೆಜ್ಜೆ ನಡೆದ. ಒಂದು ಬಿರುಕಿನಲ್ಲಿ ಕೈಯಿಳಿಸಿ ಕರಿಕೆಯ ಬೇರು ಎಳೆದು, ಹೆಬ್ಬೆರಳ ಉಗುರಿನಿಂದ ಕೆರೆದ. ಒಳಗೆ ಬೆಳ್ಳಗೆ, ಹಸಿಹಸಿಯಾಗಿತ್ತು. ಅದನ್ನು ಧೋತರದ ಚುಂಗಿಗೆ ಕಟ್ಟಿಕೊಂಡು, ಎಲ್ಲರಿಗೂ ಕೈಮುಗಿದು ಮನೆಗೆ ಹೋದ.

ಮಿರಗದ ಮೊದಲ ಮಳೆ ಹದವಾಗಿ ಬಂತು. ಒಂಬತ್ತನೆಯ ದಿನ ನಾಲ್ಕು ಎಕರೆಯೂ ಹಸಿರು ಜಮಖಾನೆ ಹಾಸಿದ ಹಾಗೆ ಕಂಡಿತು. ಅಂದಾನಪ್ಪ ತಂದ ಬೀಜದ ಹುಲ್ಲಲ್ಲ. ಅದು ಇನ್ನೂ ಗಡಿಗೆಯಲ್ಲೇ ಇತ್ತು.

ಪಕ್ಕದ ಹೊಲದ ಹೊಳಬಸಪ್ಪ ಅಂದಾನಪ್ಪನ ಬಾಲ್ಯದ ಗೆಳೆಯ. ಇಂಥ ದಿನ ಬಂದರೆ ಬಿಡುವವನಲ್ಲ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಹೊಲ ನೋಡಿದ.

"ಲೇ ಅಂದಾನಿ, ದಿವಸದ ಊಟಾ ಭಾಳ ಛಲೋ ಹಾಕಿಸಿದ್ದಿ ಬಿಡು," ಎಂದ. "ಆದ್ರ ಸತ್ತಾವ ಎದ್ದು ಕುಂತಾನಲ್ಲೋ. ಅವಂಗೂ ಒಂದು ಎಲಿ ಹಾಕಬೇಕಿತ್ತು."

ಸತ್ತವರ ದಿವಸದ ಊಟವನ್ನು ಕರಿಕೆಗೆ ಹಾಕಿಸಿದ ಸುದ್ದಿ ಕಮತಗಿಯ ಚಹದಂಗಡಿಯವರೆಗೆ ಹೋಯಿತು. ಹೊಳಬಸಪ್ಪ ದಿನಾ ಮುಂಜಾನೆ ಬದುವಿಗೆ ಬಂದು ಕರಿಕೆಯ ಯೋಗಕ್ಷೇಮ ವಿಚಾರಿಸುತ್ತಿದ್ದ. ಬಸ್ಸಿನ ಕಂಡಕ್ಟರ್ ಕೂಡ ಅಂದಾನಪ್ಪನಿಗೆ ಟಿಕೆಟ್ ಹರಿದುಕೊಡುವಾಗ ಮುಖ ಆಚೆ ತಿರುಗಿಸಿ ನಗುತ್ತಿದ್ದ. ಎಣ್ಣೆ ಖೊಟ್ಟಿ, ನಕಲಿ ಮಾಲು ಎಂದು ಊರೆಲ್ಲ ತೀರ್ಮಾನವಾಯಿತು. ಅಂದಾನಪ್ಪನೂ ಹಾಗೇ ಅನ್ನತೊಡಗಿದ. ತಾನು ಪೆದ್ದನಾಗುವುದಕ್ಕಿಂತ ಎಣ್ಣೆ ಖೊಟ್ಟಿಯಾಗುವುದು ಮೇಲು. ಇನ್ನಿಬ್ಬರು ಮೂವರು ಎಣ್ಣೆ ತರಬೇಕೆಂದಿದ್ದವರು ಕೈಬಿಟ್ಟು, ಬರುವ ಬೇಸಿಗೆಗೆ ಈಗಲೇ ಎಂದು ಗಾಳೆಪ್ಪನಿಗೆ ವೀಳ್ಯ ಕೊಟ್ಟು ಬಂದರು. ಅಂದಾನಪ್ಪನೂ ಹೇಳಿ ಕಳಿಸಿದ: ಬರುವ ಹೋಳಿಗೆ ಬಾ, ನಾಲ್ಕು ಎಕರೆಯೂ ನಿನ್ನದೇ.

ಗಾಳೆಪ್ಪನ ಗುಂಪಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಅವನ ಹೆಂಡತಿ ಸುಂದರವ್ವ ಹಿತ್ತಲಲ್ಲಿ ಮಲಗಿಸಿದ್ದ ಹಾರೆಗಳಿಗೆ ಮಳೆಯಲ್ಲಿ ತುಕ್ಕು ಹಿಡಿಯದಿರಲೆಂದು ಕುಸುಬೆಯೆಣ್ಣೆ ಸವರಿದಳು. ಗಾಳೆಪ್ಪ ಮಾತ್ರ ಸಪ್ಪಗಿದ್ದ. ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಹುಗ್ಗಿ ಉಂಡು ಎರಡು ತಿಂಗಳಾದ ಮೇಲೂ ಹೊಟ್ಟೆ ಸರಿಯಾಗದಿದ್ದರೆ ಅದು ತುಪ್ಪದ ತಪ್ಪಲ್ಲ ಎಂದು ಸುಂದರವ್ವ ಅಂದಳು. ಅಂದು ಚುಂಗಿಗೆ ಕಟ್ಟಿ ತಂದು ಗೂಡಿನಲ್ಲಿಟ್ಟಿದ್ದ ಬೇರನ್ನು ಅವನು ತೆಗೆದು ತೋರಿಸಿದ. ಎಣ್ಣೆ ಯಾಕೆ ಕೆಲಸ ಮಾಡಲಿಲ್ಲವೆಂಬುದು ಈ ಊರಿನಲ್ಲಿ ತನಗೊಬ್ಬನಿಗೇ ಗೊತ್ತು, ಹೇಳಿದರೆ ಹನ್ನೆರಡು ಹಾರೆಗಳ ಕೆಲಸ ಅಲ್ಲಿಗೇ ಮುಗಿಯುತ್ತದೆ ಎಂದ. ಸುಂದರವ್ವ ಬೇರನ್ನು ತಿರುವಿ ನೋಡಿ, ಹಾಗಾದರೆ ಸುಮ್ಮನಿರು ಎಂದಳು. ಬೇರನ್ನು ಅವನ ಕೈಗೆ ಕೊಡುತ್ತ, ಸುಮ್ಮನಿರಲು ಆಗುತ್ತದಾ ಎಂದೂ ಕೇಳಿದಳು.

ಶ್ರಾವಣದ ಹೊತ್ತಿಗೆ ಅಂದಾನಪ್ಪನ ಬಣವೆಯಲ್ಲಿ ಜೋಳದ ಕಣಿಕೆ ತಳ ಕಂಡಿತು. ಎರಡು ಎಮ್ಮೆಗೆ ಸಾಲುತ್ತಿದ್ದುದು ಮೂರಕ್ಕೆ ಸಾಲಲಿಲ್ಲ. ಗಂಗಿ ಕರು ಹಾಕಿತ್ತು, ಹಾಲು ಕೊಡುತ್ತಿತ್ತು, ಹೊಟ್ಟೆ ತುಂಬ ಬೇಡುತ್ತಿತ್ತು. ಹೊಲದಲ್ಲಿ ಹುಲ್ಲು ಬರುವ ಮಾತಿಲ್ಲ. ಮುಂದಿನ ಸಂತೆಗೆ ಗಂಗಿಯನ್ನು ಮಾರಿಬಿಡೋಣ ಎಂದು ಅಂದಾನಪ್ಪ ಬೇರೆ ಕಡೆ ನೋಡುತ್ತ ಹೇಳಿದ. ಗುರುಲಿಂಗವ್ವ ಆಗಲಿ ಎಂದಳು. ಅಷ್ಟು ಸಲೀಸಾಗಿ ಆಗಲಿ ಎಂದದ್ದೇ ಅಂದಾನಪ್ಪನಿಗೆ ಬೈಗುಳಕ್ಕಿಂತ ಭಾರವಾಯಿತು.

ಸಂತೆಯ ಹಿಂದಿನ ದಿನ ಮುಂಜಾನೆ ಆಕೆ ಗಂಗಿಯ ಕೋಡಿಗೆ ಕುಸುಬೆಯೆಣ್ಣೆ ತಿಕ್ಕುತ್ತಿದ್ದಾಗ ಗಾಳೆಪ್ಪ ಬಂದ. ದೂರದಲ್ಲೇ ನಿಂತ.

"ಎಮ್ಮಿ ಸಂತಿಗಿ ಹೊಡೀಬ್ಯಾಡ್ರಿ ಅವ್ವಾರ," ಎಂದ. "ಎಣ್ಣಿ ಖೊಟ್ಟಿ ಅಲ್ಲ."

ಗುರುಲಿಂಗವ್ವ ಕೈ ನಿಲ್ಲಿಸಿದಳು. ಗಾಳೆಪ್ಪ ನಿಂತಲ್ಲೇ ಹೇಳಿದ. ಮಿರಗದಲ್ಲಿ ಕರಿಕೆ ಅಗೆದು ನೋಡಿದರೆ ಬೇರು ಬಡಕಲಾಗಿರುತ್ತದೆ, ಕೂಡಿಟ್ಟದ್ದನ್ನೆಲ್ಲ ಉಂಡು ಎಲೆ ಬಿಟ್ಟಿರುತ್ತದೆ. ಅದೇ ಬೇರನ್ನು ದೀಪಾವಳಿಯ ಹೊತ್ತಿಗೆ ತೆಗೆದರೆ ಕಿರುಬೆರಳಿನಷ್ಟು ದಪ್ಪ. ನಡುವೆ ಅದಕ್ಕೆ ಉಣಿಸಿದವರು ಯಾರು? ಎಲೆಯೇ. ಮೂವತ್ತು ವರ್ಷ ಅಗೆದು ಅಗೆದು ಅವನು ಇದನ್ನು ಕಣ್ಣಾರೆ ಕಂಡಿದ್ದ.

"ಬ್ಯಾಸಗ್ಯಾಗ ಕರಿಕಿ ಮಲಗಿರ್ತೈತ್ರಿ. ಮಲಗಿದವನ ಬಾಯಾಗ ಹಾಲು ಹಾಕಿದ್ರೂ ಕೆಳಗ ಇಳಿಯೂದಿಲ್ಲ, ವಿಷಾ ಹಾಕಿದ್ರೂ ಇಳಿಯೂದಿಲ್ಲ. ಹಾರಿಗಿ ಮಲಗಿದ ಕರಿಕಿ ಬೇಕು, ಎಣ್ಣಿಗಿ ಎದ್ದದ್ದು ಬೇಕು. ಈಗ ಎಲಿ ತುಂಬ್ಯಾವು, ಬೇರಿಗಿ ಉಣಸಾಕ ಹತ್ಯಾವು. ಈಗ ಹೊಡಸ್ರಿ."

"ಇದು ನಿನಗ ಎಂದ ಗೊತ್ತಾತು?"

"ಹುಗ್ಗಿ ಉಂಡ ದಿನಾನ."

ಗುರುಲಿಂಗವ್ವ ಕೈಗಂಟಿದ ಎಣ್ಣೆಯನ್ನು ಗಂಗಿಯ ಕೋಡಿಗೇ ಒರೆಸಿದಳು. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಹನ್ನೆರಡು ಹಾರೆಗಳ ಲೆಕ್ಕ ಆಕೆಗೂ ಬರುತ್ತಿತ್ತು.

"ಮತ್ತ ಈಗ ಯಾಕ ಹೇಳಾಕ ಬಂದಿ?"

"ಎಂಟು ವರ್ಷದ ಹಿಂದ ಹಳ್ಳದ ಕಡೀದು ನಾನ ಅಗದಿದ್ದೆ. ಜೇಕಿನ ಗಡ್ಡಿ ಹಾರಿಗಿ ಸಿಕ್ಕು ಒಂದು ಇದ್ದದ್ದು ಹತ್ತು ಆತು. ನಂಗ ಗೊತ್ತಿತ್ತು, ಆಗ್ತೈತಿ ಅಂತ. ಕೂಲಿ ಬರ್ತಿತ್ತು, ಅಗದೆ. ನೀವು ಒಂದ ದಿನಾನೂ ಅದನ್ನ ಆಡಿ ತೋರಿಸಲಿಲ್ಲ. ತುಪ್ಪಾ ಮಾತ್ರ ಹೆಚ್ಚಿಗಿ ಹಾಕ್ತಿದ್ರಿ."

"ಆಡಿ ತೋರಿಸಿದ್ರ ನೀ ಬರ್ತಿದ್ದಿಲ್ಲ," ಎಂದಳು ಗುರುಲಿಂಗವ್ವ. "ತುಪ್ಪಾ ಹಾಕಿದ್ದಕ್ಕ ಇವತ್ತು ಬಂದಿ." ಒಳಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದುಕೊಟ್ಟಳು.

ಅಂದಾನಪ್ಪನಿಗೆ ಆಕೆ ಎಲ್ಲವನ್ನೂ ಹೇಳಿದಳು. ಆತ ಗಂಭೀರವಾಗಿ ಕೇಳಿ, ತನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು ಎಂದ. ಮುರ್ತುಜಸಾಬ ಮೂರು ಸಲ ಹೇಳಿದ್ದು ಅಷ್ಟು ಒಳಗೆ ಹೋಗಿ ಕೂತಿತ್ತೇನೋ ಎಂದು ಗುರುಲಿಂಗವ್ವ ಒಪ್ಪಿಕೊಂಡಳು.

ಉಳಿದಿದ್ದ ಎರಡು ಡಬ್ಬಿ ಹಳ್ಳದ ಕಡೆಯ ಒಂದು ಎಕರೆಗೆ ಮೊದಲು ಎಂದಾಯಿತು. ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಪಂಪು ಹೊತ್ತವನು ಗಾಳೆಪ್ಪ. ಹಳ್ಳದ ನೀರು ಪಕ್ಕದಲ್ಲೇ ಹರಿಯುತ್ತಿತ್ತು, ಹೊಸ ನೀರು, ಕೆಂಪು ರಾಡಿ. ಅಂದಾನಪ್ಪ ಕೊಡ ಮುಳುಗಿಸಲು ಬಗ್ಗಿದ.

"ಆ ರಾಡಿ ನಿಮಗ ಕುಡಿಯಾಕ ಕೊಟ್ರ ಕುಡೀತೀರೇನ್ರಿ?" ಎಂದು ಗುರುಲಿಂಗವ್ವ ಬದುವಿನ ಮೇಲಿಂದ ಕೇಳಿದಳು. "ನೀವು ಕುಡೀಲಾರದ್ದನ್ನ ಕರಿಕಿ ಕುಡೀತೈತೇನು?"

ಅಂದಾನಪ್ಪ ಬಂಡಿ ಹೂಡಿ ಊರ ಬಾವಿಯಿಂದ ತಿಳಿನೀರು ತಂದ. ಆಕೆ ಹಳೆಯ ಸೀರೆಯ ತುಂಡು ಹಿಡಿದು ಅದನ್ನೂ ಸೋಸಿದಳು. ಗಾಳೆಪ್ಪ ಮೂಗಿಗೆ ವಸ್ತ್ರ ಕಟ್ಟಿಕೊಂಡು, ಅಗೆಯುವಾಗ ಹಿಡಿಯುತ್ತಿದ್ದ ಸಾಲನ್ನೇ ಹಿಡಿದು, ಒಬ್ಬನೇ ಹೊಡೆಯುತ್ತ ಹೋದ.

ಆಮೇಲಿನ ಕೆಲಸ ಎಲ್ಲಕ್ಕಿಂತ ಕಷ್ಟದ್ದು: ಇಪ್ಪತ್ತು ದಿನ ಏನೂ ಮಾಡದಿರುವುದು. ಐದನೆಯ ದಿನ ಹುಲ್ಲು ಮೊದಲಿಗಿಂತ ಹಸಿರಾಗಿ ಕಂಡಿತು. ಅಂದಾನಪ್ಪ ಕುಂಟೆ ತೆಗೆದ. ಗುರುಲಿಂಗವ್ವ ಕುಂಟೆಯ ಹಗ್ಗವನ್ನು ಎಲ್ಲೋ ಇಟ್ಟು ಮರೆತಳು, ಎಷ್ಟು ಹುಡುಕಿದರೂ ಆಕೆಗೆ ಅದು ನೆನಪಾಗಲಿಲ್ಲ. ಹೊಳಬಸಪ್ಪ ಬದುವಿಗೆ ಬಂದು ಕರಿಕೆಯ ನಾಡಿ ಹಿಡಿದು ನೋಡಿ, ಇನ್ನೂ ನೂರು ವರ್ಷ ಆಯುಷ್ಯವಿದೆ ಎಂದು ಹೇಳಿಹೋದ. ಆದರೂ ಸಂಜೆಗೆ ಗಂಗಿಗಾಗಿ ಒಂದು ಬಂಡಿ ಕಣಿಕೆ ಕಳಿಸಿಕೊಟ್ಟ. ಅವನು ಹಾಗೆ, ಬಾಯಿಯಿಂದ ಕಿತ್ತುಕೊಂಡು ಕೈಯಿಂದ ಕೊಡುವವನು.

ಹನ್ನೊಂದನೆಯ ದಿನ ಎಲೆಯ ತುದಿ ಹಳದಿಯಾಯಿತು. ಹದಿನೈದಕ್ಕೆ ಎಕರೆ ತುಂಬ ಹಣ್ಣೆಲೆಯ ಬಣ್ಣ. ಇಪ್ಪತ್ತನೆಯ ದಿನ ಗಾಳೆಪ್ಪ ಹಸಿ ಮಣ್ಣು ಕೆದರಿ ಬೇರು ಎಳೆದು ಉಗುರಿನಿಂದ ಕೆರೆದ. ಒಳಗೆ ಕಂದು, ಒಣಗಿದ ಸುತಳಿಯ ಹಾಗೆ. ಜೇಕಿನ ಗಡ್ಡೆ ಹಿಚುಕಿದ; ಹತ್ತರಲ್ಲಿ ಏಳು ಟೊಳ್ಳಾಗಿದ್ದವು. ಉಳಿದ ಮೂರಕ್ಕೆ ಇನ್ನೊಂದು ವರ್ಷ ಬೇಕು ಎಂದ. ಈ ಸಲ ಬೇರನ್ನು ಚುಂಗಿಗೆ ಕಟ್ಟಿಕೊಳ್ಳಲಿಲ್ಲ. ಎಲ್ಲರಿಗೂ ಕಾಣುವಂತೆ ಬದುವಿನ ಕಲ್ಲಿನ ಮೇಲೆ ಇಟ್ಟ.

ಊರಿಗೆ ಊರೇ ಬಂದು ಆ ಕಲ್ಲನ್ನು ನೋಡಿತು. ಹೊಳಬಸಪ್ಪನೂ ಬಂದ, ಆದರೆ ಅವನ ಮುಖ ಬೇರೆ ಇತ್ತು. ಹೊಡೆದ ದಿನ ಗಾಳಿ ಅವನ ಕಡೆಗೆ ಬೀಸಿತ್ತು. ಬದುವಿಗೆ ಹತ್ತಿದ ಎರಡು ಸಾಲು ಸಜ್ಜೆ ಸತ್ತಿತ್ತು. ಅಂದಾನಪ್ಪ ಎಷ್ಟೋ ತಿಂಗಳಿಂದ ಕಾದಿದ್ದ.

"ಹೊಳಬಸು, ಸಜ್ಜಿಗೂ ದಿವಸದ ಊಟಾ ಹಾಕಸೂಣೇನೋ?" ಎಂದ.

ಹೊಳಬಸಪ್ಪ ನಕ್ಕ. ಅವನ ಎರಡು ಸಾಲಿಗೆ ಬದಲಾಗಿ ಬರುವ ವರ್ಷದ ಹುಲ್ಲಿನಲ್ಲಿ ಎರಡು ಬಂಡಿ ಎಂದು ಅಲ್ಲೇ ಮಾತಾಯಿತು.

ಅಂದಾನಪ್ಪ ಇನ್ನೈದು ಡಬ್ಬಿ ತಂದು, ಎಲೆ ಇನ್ನೂ ಹಸಿರಿದ್ದಾಗಲೇ ಮೇಲಿನ ಮೂರು ಎಕರೆಗೂ ಹೊಡೆಸಿದ. ಖೊಟ್ಟಿ ಎಂದು ಊರೆಲ್ಲ ಹೇಳಿಕೊಂಡು ಬಂದದ್ದಕ್ಕೆ ಮುರ್ತುಜಸಾಬನ ಎದುರು ತಲೆ ತಗ್ಗಿಸಿ ನಿಂತ. ಮುರ್ತುಜಸಾಬ ಅದೇ ಮೂರು ಮಾತನ್ನು ನಾಲ್ಕನೆಯ ಸಲ ಹೇಳಿದ. ಹಸ್ತದ ಮಳೆಗೆ ಗಡಿಗೆಯಲ್ಲಿದ್ದ ಬೀಜ ಹೊಲ ಕಂಡಿತು.

ಹೋಳಿ ಹುಣ್ಣಿಮೆ ಬಂತು. ಮುಂಚೆ ವೀಳ್ಯ ಕೊಟ್ಟಿದ್ದವರು ಬಂದು ಸಂಕೋಚದಿಂದ ಅದನ್ನು ಹಿಂದಕ್ಕೆ ಕೇಳಿದರು. ಗಾಳೆಪ್ಪ ಕೊಟ್ಟ. ಅವನ ಗುಂಪಿನ ಹನ್ನೊಂದು ಜನ ಹಾರೆ ಹೆಗಲಿಗೇರಿಸಿ ಇಳಕಲ್ಲಿನ ಕಲ್ಲಿನ ಕ್ವಾರಿಗೆ ಹೋದರು. ಅಲ್ಲಿ ಹಾರೆ ಹಿಡಿಯಬಲ್ಲವರಿಗೆ ಕೂಲಿ ಹೆಚ್ಚು. ಮನೆಗೆ ಬರುವುದು ಮಾತ್ರ ಹದಿನೈದು ದಿನಕ್ಕೊಮ್ಮೆ. ಹೋಗುವ ಮೊದಲು ಅವರಲ್ಲಿ ಇಬ್ಬರು ಗಾಳೆಪ್ಪನ ಜೊತೆ ಮಾತಾಡಲಿಲ್ಲ. ಕಲ್ಲು ಒಡೆಯುವ ವಯಸ್ಸು ಅವನದಲ್ಲ. ಊರಿನಲ್ಲೇ ಉಳಿದು ಪಂಪು ಹೊತ್ತ. ಯಾರು ಬೇಸಿಗೆಯಲ್ಲಿ ಕರೆದರೂ, ನಿಮ್ಮ ಕರಿಕೆ ಏಳಲಿ, ಆಮೇಲೆ ಬರುತ್ತೇನೆ ಎನ್ನುತ್ತಿದ್ದ.

ಎರಡನೆಯ ವರ್ಷದ ದೀಪಾವಳಿಗೆ ಅಂದಾನಪ್ಪನ ಹೊಲದಲ್ಲಿ ಹುಲ್ಲು ಸೊಂಟ ಮುಟ್ಟಿತು. ಗುರುಲಿಂಗವ್ವ ಹುಗ್ಗಿ ಮಾಡಿ, ಮೊದಲಿನ ಹಾಗೆ ಹನ್ನೆರಡು ಎಲೆ ಹಾಕಿದಳು. ಹಬ್ಬಕ್ಕೆಂದು ಕ್ವಾರಿಯಿಂದ ಬಂದಿದ್ದ ಏಳು ಜನ ಬಂದರು. ಗಾಳೆಪ್ಪ ಕೂತ ಮೇಲೆ, ಅಂದು ಮಾತಾಡದೆ ಹೋಗಿದ್ದ ಇಬ್ಬರಲ್ಲಿ ಒಬ್ಬ ಬಂದು ಅವನ ಪಕ್ಕದ ಎಲೆಗೆ ಕೂತ. ಇನ್ನೊಬ್ಬ ಬರಲಿಲ್ಲ.

ಅಂದಾನಪ್ಪನಿಗೆ ನಾಲ್ಕು ಎಕರೆ ಹುಲ್ಲುಗಾವಲಾಯಿತು, ಗಂಗಿ ಮನೆಯಲ್ಲಿ ಉಳಿಯಿತು. ಬೇಸಿಗೆಯಲ್ಲಿ ಹೊಡೆದ ನಾಲ್ಕು ಡಬ್ಬಿಯ ಎಂಟು ನೂರು ಮಣ್ಣು ಸೇರಿತು. ಮೊದಲು ಉಳಿಯುತ್ತದೆಂದು ಬರೆದ ಏಳು ನೂರಕ್ಕಿಂತ ಅದೇ ನೂರು ರೂಪಾಯಿ ಹೆಚ್ಚು. ಗಾಳೆಪ್ಪನಿಗೆ ಪಂಪಿನ ಕೂಲಿ ಸಿಕ್ಕಿತು. ಹನ್ನೊಂದು ಮನೆಗಳ ಬೇಸಿಗೆಯ ಕೆಲಸ ಊರು ಬಿಟ್ಟಿತು, ಮತ್ತೆ ಬರಲಿಲ್ಲ.